ರಿಪ್ಕನ್ ಪಕ್ಕದ ಇಬ್ಬರು

ಅಮೆರಿಕದ ಬಾಲ್ಟಿಮೋರ್ ಹತ್ತಿರ ಒಂದು ಕಾರ್ಡ್ ಶೋಗೆ, ಅಂದರೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡ್‌ಗಳನ್ನು ಮಾರುವ ಮೇಳಕ್ಕೆ, ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನಾನು ಹುಡುಕುತ್ತಿದ್ದದ್ದು ಟಾಪ್ಸ್ ಕಂಪನಿಯ 1982ರ ಸೆಟ್‌ನ 21ನೇ ನಂಬರ್ ಕಾರ್ಡ್. ಅದನ್ನು ಎಲ್ಲರೂ ಹೆಸರಾಂತ ಆಟಗಾರ ಕ್ಯಾಲ್ ರಿಪ್ಕನ್‌ನ ರೂಕಿ ಕಾರ್ಡ್ (ಹೊಸಬನಾಗಿದ್ದಾಗಿನ ಕಾರ್ಡ್) ಅಂತಲೇ ಕರೆಯುತ್ತಾರೆ. ಆದರೆ ಅದರಲ್ಲಿ ಮೂವರಿದ್ದಾರೆ.

"ಅಪ್ಪಾ, ಈ ಇಬ್ರು ಯಾರು?" ಅಂದಳು ಮಗಳು. ನನಗೆ ಆ ಕಾರ್ಡ್ ಬೇಕಿದ್ದದ್ದೇ ಆ ಇಬ್ಬರಿಗಾಗಿ.

ಒಬ್ಬ ಜೆಫ್ ಶ್ನೈಡರ್, ಪಿಚರ್, ಅಂದರೆ ಚೆಂಡು ಎಸೆಯುವವನು. ಬಾಲ್ಟಿಮೋರ್‌ನ ಓರಿಯೋಲ್ಸ್ ತಂಡದ ಪರ 1981ರಲ್ಲಿ 11 ಪಂದ್ಯ ಆಡಿದ, ಅಷ್ಟೇ. 1982ರ ಜನವರಿಯಲ್ಲಿ ಅವನನ್ನೂ ಮೂರನೇ ಬೇಸ್ ಕಾಯುತ್ತಿದ್ದ ಡಗ್ ಡಿಸಿನ್ಸೆಸ್‌ನನ್ನೂ ಏಂಜಲ್ಸ್ ತಂಡಕ್ಕೆ ಕೊಟ್ಟರು. ಡಿಸಿನ್ಸೆಸ್ ಬಿಟ್ಟ ಜಾಗ ರಿಪ್ಕನ್‌ಗೆ ಸಿಕ್ಕಿತು. ಶ್ನೈಡರ್‌ಗೆ ಮಾತ್ರ ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತಿ ಮೇಲಿನ ಹಂತದಲ್ಲಿ, ಮತ್ತೆ ಅವಕಾಶವೇ ಬರಲಿಲ್ಲ. ಇನ್ನೊಬ್ಬ ಬಾಬ್ ಬಾನರ್, ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು. ಅದೇ ವರ್ಷದ ಜುಲೈನಲ್ಲಿ ರಿಪ್ಕನ್‌ನನ್ನು ಶಾರ್ಟ್‌ಸ್ಟಾಪ್‌ಗೆ ತಂದು ನಿಲ್ಲಿಸಿದರು. ಸತತ 2632 ಪಂದ್ಯ ಆಡಿದ ಮನುಷ್ಯ ಅವನು. ಪಕ್ಕದವನಿಗೆ ಜಾಗ ಎಲ್ಲಿ ಉಳಿಯುತ್ತೆ ಹೇಳಿ? ಬಾನರ್ ಮುಂದೆ ಮಿಷನರಿಯಾಗಿ ಜಾಂಬಿಯಾಗೆ ಹೋದ.

ಅಂಗಡಿಯ ಅಜ್ಜ ಒಂದೇ ಕಾರ್ಡಿನ ಎರಡು ಪ್ರತಿ ಮುಂದಿಟ್ಟರು. ನೋಡೋಕೆ ಎರಡೂ ಒಂದೇ ಥರ. ಭೂತಗನ್ನಡಿ ಹಿಡಿದಾಗ ಗೊತ್ತಾಯಿತು, ಒಂದರ ಮೂಲೆ ಮೆತ್ತಗಾಗಿ ನಾರು ಎದ್ದಿದೆ. ಬಿಳಿ ಅಂಚು ಎಡಕ್ಕೆ ದಪ್ಪ, ಬಲಕ್ಕೆ ತೆಳು. ಇಷ್ಟಕ್ಕೇ ಬೆಲೆ ಜಾಸ್ತಿನೇ ಇಳಿಯುತ್ತದೆ. ಅದೇ ವರ್ಷ ಟಾಪ್ಸ್ ಬೇರೆಯಾಗಿ ತಂದ 'ಟ್ರೇಡೆಡ್' ಅನ್ನುವ ಪೂರಕ ಸೆಟ್‌ನಲ್ಲಿ ರಿಪ್ಕನ್ ಒಬ್ಬನೇ ಇರುವ ಕಾರ್ಡ್ ಇದೆ. ಅದು ಅಚ್ಚಾದದ್ದು ಕಡಿಮೆ, ಹಾಗಾಗಿ ಬೆಲೆ ಇದಕ್ಕಿಂತ ಎಷ್ಟೋ ಹೆಚ್ಚು. ಅಜ್ಜ ಅದನ್ನೂ ತೋರಿಸಿದರು. ನನಗೆ ಬೇಡ ಅಂದೆ.

ಬೆಲೆ ಕಟ್ಟುವ ಈ ಲೆಕ್ಕ ನನಗೆ ಅರ್ಥವಾಗುತ್ತದೆ, ಅದು ತಪ್ಪೂ ಅಲ್ಲ. ಆದರೆ ಕೆಳಹಂತದ ಮೈನರ್ ಲೀಗ್‌ನಲ್ಲಿ ಬಸ್ಸಿನಲ್ಲಿ ಊರೂರು ಸುತ್ತಿ, ಎಷ್ಟೋ ಹುಡುಗರನ್ನು ದಾಟಿ ಮೇಲೆ ಬಂದವನ 11 ಪಂದ್ಯ ಸಣ್ಣದಲ್ಲ. ನನ್ನ ಆಲ್ಬಮ್‌ನಲ್ಲಿ ಅಂಥವರಿಗೇ ಮೊದಲ ಪುಟ.

ಮೂಲೆ ಮೆತ್ತಗಾದದ್ದನ್ನೇ ತಗೊಂಡೆ. ಆ ವರ್ಷ ಬೇರೆ ತಂಡಗಳದ್ದೂ ಇಂಥ ಮೂರು ಮುಖದ ಕಾರ್ಡ್‌ಗಳು ಬಂದಿವೆ. ಮೂವರಲ್ಲಿ ಯಾರಿಗೂ ಹೆಸರು ಬರದಿದ್ದರೆ ಅದು ಸೀದಾ ಒಂದು ಡಾಲರ್‌ಗೆ ಮಾರುವ ಕಾರ್ಡ್‌ಗಳ ಡಬ್ಬಕ್ಕೆ. ಮಗಳು ಆಗಲೇ ಆ ಡಬ್ಬ ಎಳೆದುಕೊಂಡು, ಒಬ್ಬೊಬ್ಬರ ಹೆಸರೂ ಜೋರಾಗಿ ಓದುತ್ತಾ ಕೂತಿದ್ದಳು.