ಆಕ್ಸಿಜನ್ ನಂಬರ್ ಚೆನ್ನಾಗಿತ್ತು, ಶ್ವಾಸಕೋಶ ಚೆನ್ನಾಗಿರಲಿಲ್ಲ

ನಾನು ಪರ್ಫ್ಯೂಶನಿಸ್ಟ್, ಅಂದರೆ ದೇಹದ ಹೊರಗೆ ರಕ್ತ ಅಥವಾ ದ್ರಾವಣ ಹರಿಸುವ ಯಂತ್ರ ನೋಡಿಕೊಳ್ಳುವವರು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಕೆಲಸ. ಕಸಿಗೆಂದು ತೆಗೆದ ದಾನಿಯ ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಮೊದಲೆಲ್ಲ ಬೇಡ ಅಂತ ಬಿಟ್ಟುಬಿಡುತ್ತಿದ್ದರು. ಈಗ ಅದನ್ನು ಗಾಜಿನಂಥ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ನಿಧಾನವಾಗಿ 37 ಡಿಗ್ರಿಗೆ ಬೆಚ್ಚಗೆ ಮಾಡಿ, ರಕ್ತನಾಳಗಳಲ್ಲಿ ಸ್ಟೀನ್ ದ್ರಾವಣ ಹರಿಸಿ, ವೆಂಟಿಲೇಟರ್‌ನಿಂದ ಉಸಿರಾಡಿಸುತ್ತೇವೆ. ದ್ರಾವಣದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ನೀರನ್ನು ಹೊರಕ್ಕೆ ಎಳೆಯುತ್ತದೆ. ಸ್ವೀಡನ್ನಿನ ಸರ್ಜನ್ ಸ್ಟಿಗ್ ಸ್ಟೀನ್ ಶುರು ಮಾಡಿದ ಕೆಲಸ ಇದು. 2011ರಲ್ಲಿ ಟೊರೊಂಟೊ ತಂಡ ಇಂಥ ಅನುಮಾನದ 23 ಕೇಸ್‌ಗಳಲ್ಲಿ 20ನ್ನು ನಾಲ್ಕು ಗಂಟೆ ಹೀಗೆ ನೋಡಿ ಕಸಿ ಮಾಡಿದ್ದನ್ನು ಪ್ರಕಟಿಸಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ. ಮೂರನೇ ಗಂಟೆ. ಶ್ವಾಸಕೋಶದಿಂದ ಹೊರಬರುವ ದ್ರಾವಣದಲ್ಲಿ ಆಕ್ಸಿಜನ್ 400ರ ಮೇಲಿದೆ, ಅಂದರೆ ಒಳ್ಳೇ ನಂಬರ್. ನನಗೆ ಖುಷಿ. ಕಸಿಗೆ ಕಾದಿದ್ದವರು ಆಗಲೇ ಆಸ್ಪತ್ರೆಗೆ ಬಂದಿದ್ದರು, ಚೆನ್ನಾಗಿದೆ ಅಂತ ಸರ್ಜನ್‌ಗೆ ಫೋನ್ ಮಾಡಲು ಹೊರಟಿದ್ದೆ. ನನ್ನ ಸೀನಿಯರ್ ನಂಬರ್ ಕಡೆ ನೋಡಲೇ ಇಲ್ಲ. "ಏರ್‌ವೇ ಪ್ರೆಶರ್ ಎಷ್ಟಿತ್ತು, ಈಗೆಷ್ಟು?" ಅಂತ ಕೇಳಿದರು. ಗಾಳಿ ಒಳಗೆ ತಳ್ಳಲು ಬೇಕಾದ ಆ ಒತ್ತಡ ಗಂಟೆಗಂಟೆಗೂ ಏರುತ್ತಲೇ ಇತ್ತು. ಹಾಳೆಯಲ್ಲಿ ನಾನೇ ಬರೆದಿದ್ದೆ, ಆದರೆ ಓದಿರಲಿಲ್ಲ. ಆಮೇಲೆ ವೆಂಟಿಲೇಟರ್ ಟ್ಯೂಬ್ ಬಿಚ್ಚಿ ನೋಡಿದರು. ಒಳ್ಳೇ ಶ್ವಾಸಕೋಶ ಆಗ ಗಾಳಿ ಬಿಟ್ಟು ತಟ್ಟನೆ ಕುಗ್ಗುತ್ತದೆ. ಇದರ ಕೆಳಭಾಗ ಒದ್ದೆ ಸ್ಪಂಜಿನ ಹಾಗೆ ಹಾಗೇ ಉಬ್ಬಿಕೊಂಡಿತ್ತು. ಶ್ವಾಸನಾಳದ ಒಳಗೆ ನೋಡುವ ಬ್ರಾಂಕೋಸ್ಕೋಪ್ ಇಳಿಸಿದರೆ ಅಲ್ಲಿ ನೊರೆ.

ಹಾಗಾದರೆ ಆಕ್ಸಿಜನ್ ಯಾಕೆ ಚೆನ್ನಾಗಿತ್ತು? ದ್ರಾವಣದಲ್ಲಿ ಕೆಂಪು ರಕ್ತಕಣ ಇರಲಿಲ್ಲ, ಅದಕ್ಕೆ. ರಕ್ತವಾದರೆ ಕೆಟ್ಟ ಭಾಗದಿಂದ ಬಂದದ್ದು ಸ್ವಲ್ಪ ಸೇರಿದರೂ ನಂಬರ್ ದಢಕ್ಕನೆ ಬೀಳುತ್ತದೆ. ಬರೀ ದ್ರಾವಣದಲ್ಲಿ ಒಳ್ಳೇ ಭಾಗದ ಆಕ್ಸಿಜನ್ ಕೆಟ್ಟ ಭಾಗವನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಆ ನಂಬರ್ ಕೊನೆಗೆ ಬೀಳುತ್ತದೆ. ಮೊದಲು ಕೆಡುವುದು ಕಂಪ್ಲಯನ್ಸ್, ಅಂದರೆ ಶ್ವಾಸಕೋಶ ಎಷ್ಟು ಸಲೀಸಾಗಿ ಹಿಗ್ಗುತ್ತದೆ ಅನ್ನುವುದು. ಅದು ಕೆಟ್ಟಾಗಲೇ ಏರ್‌ವೇ ಪ್ರೆಶರ್ ಏರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅಲ್ವಾ? ಆ ರಾತ್ರಿ ನೆನಪಿಗೇ ಬರಲಿಲ್ಲ.

ಆ ಶ್ವಾಸಕೋಶವನ್ನು ಕಸಿ ಮಾಡಲಿಲ್ಲ. ಕಾದಿದ್ದವರು ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಬೆಳಗಿನ ಜಾವ ಮನೆಗೆ ವಾಪಸ್ ಹೋದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಆದರೆ ಆ ಶ್ವಾಸಕೋಶ ಅವರ ಎದೆಯೊಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಹೊಸಬರು ಬಂದರೆ ಹಾಳೆಯ ಮೊದಲ ಕಾಲಂನಲ್ಲಿ ಕಂಪ್ಲಯನ್ಸ್ ಬರೆಸುತ್ತೇನೆ, ಆಕ್ಸಿಜನ್ ಕೊನೆಗೆ. ಗಂಟೆಗೊಮ್ಮೆ ಹಿಂದಿನ ಸಾಲನ್ನು ಜೋರಾಗಿ ಓದಿಸಿ, ಆಮೇಲೆ ಹೊಸ ಸಾಲು ಬರೆಸುತ್ತೇನೆ.