ಶಿಂಜುಕು ಬೀದಿಯಲ್ಲಿ ಮೊರಿಯಾಮ ಜೊತೆ ಒಂದು ತಕರಾರು

ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ. ಬೀದಿಚಿತ್ರಗಳಿಗೆ ಹೆಸರಾದ ಜಪಾನಿನ ಛಾಯಾಗ್ರಾಹಕ ದೈದೋ ಮೊರಿಯಾಮ ಅವರ ಫೋಟೋಗಳ ಜಾಡು ಹಿಡಿದು ಬಂದವರಿಗೆ ಬೇಕಾದದ್ದು ಪೂರ್ವದ ಬಾಗಿಲು. ಹೊತ್ತು, ದೀಪ ಹತ್ತಿದ ಮೇಲೆ. ಯಾಸುಕುನಿ ರಸ್ತೆ ದಾಟಿದರೆ ರಾತ್ರಿಮೋಜಿನ ಕೇರಿ ಕಾಬುಕಿಚೋದ ಕೆಂಪು ನಿಯಾನ್ ಕಮಾನು. ಇಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಬಣ್ಣ. ಮೊರಿಯಾಮಗೆ ಹೆಸರು ತಂದ ಕಪ್ಪು-ಬಿಳುಪು ಚಿತ್ರಗಳಲ್ಲಿ ಇಲ್ಲದ್ದೂ ಅದೇ.

ಅವರು 1938ರಲ್ಲಿ ಒಸಾಕಾ ಪ್ರಾಂತ್ಯದಲ್ಲಿ ಹುಟ್ಟಿ 1961ರಲ್ಲಿ ಟೋಕಿಯೋಗೆ ಬಂದವರು. 1968–69ರಲ್ಲಿ ಮೂರೇ ಸಂಚಿಕೆ ಕಂಡ ‘ಪ್ರೊವೋಕ್’ ಎಂಬ ಫೋಟೋ ಪತ್ರಿಕೆಗೆ ಎರಡನೆಯದರಿಂದ ಸೇರಿಕೊಂಡರು. ಕಾಳುಕಾಳಾದ (ಫಿಲ್ಮಿನ ಕಣಗಳು ಎದ್ದು ಕಾಣುವ), ಅಲುಗಿದ, ಫೋಕಸ್ ತಪ್ಪಿದ ಚಿತ್ರ ಆ ಗುಂಪಿನ ಗುರುತು. ಆಗ ಅದಕ್ಕೆ ಎದುರಾಳಿ ಇತ್ತು: ನುಣುಪು ಜಾಹೀರಾತು, ಅಚ್ಚುಕಟ್ಟಾದ ಸುದ್ದಿಚಿತ್ರ. ಈಗ ಅದೇ ಒರಟುತನ ಕ್ಯಾಮೆರಾ ಮೆನುವಿನಲ್ಲಿ ‘ಹೈ ಕಾಂಟ್ರಾಸ್ಟ್’ ಎಂಬ ಹೆಸರಿನಲ್ಲಿ ಕೂತಿದೆ. ಜಗಳ ಮುಗಿದಿದೆ, ಏರುದನಿ ಮಾತ್ರ ಇಳಿದಿಲ್ಲ.

ಒರಟು ಅಂದರೆ ಅಡ್ಡಾದಿಡ್ಡಿ ಅಲ್ಲ, ಅದು ಲೆಕ್ಕಾಚಾರದ ಕೆಲಸ. 400 ಐಎಸ್‌ಒದ ಟ್ರೈ-ಎಕ್ಸ್ ಕಪ್ಪು-ಬಿಳುಪು ಫಿಲ್ಮನ್ನು (ಐಎಸ್‌ಒ ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆ) 1600 ಎಂದುಕೊಂಡು, ಅಂದರೆ ಕಡಿಮೆ ಬೆಳಕು ಕೊಟ್ಟು ತೆಗೆದು, ಫಿಲ್ಮ್ ತೊಳೆಯುವ ದ್ರಾವಣವಾದ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ನೆಗೆಟಿವ್‌ನಲ್ಲಿ ಬೆಳಕಿನ ಭಾಗ ದಟ್ಟವಾಗುತ್ತದೆ, ಕಾಳು ಎದ್ದು ಬರುತ್ತದೆ. ನೆರಳು ಮಾತ್ರ ಏಳುವುದಿಲ್ಲ. ಬೆಳಕೇ ಬೀಳದ ಕಡೆ ಡೆವಲಪರ್ ಏನು ತಾನೇ ಎಬ್ಬಿಸೀತು? ಆಮೇಲೆ ಪ್ರಿಂಟಿಗೆ ಗಟ್ಟಿ ಗ್ರೇಡಿನ, ಅಂದರೆ ಕಪ್ಪು-ಬಿಳುಪಿನ ಅಂತರ ಹೆಚ್ಚಿಸುವ 4 ಅಥವಾ 5ರ ಕಾಗದ. ಬೆಳಕು ಬಿದ್ದಷ್ಟೂ ಕಪ್ಪಾಗುವ ಆ ಕಾಗದದ ಮೂಲೆಗಳಿಗೆ ಹೆಚ್ಚುವರಿ ಬೆಳಕು ಕೊಟ್ಟರೆ ಮುಗಿಯಿತು. ನಡುವಿನ ಬೂದು ಛಾಯೆಗಳು ಹೊರಟೇಹೋಗುತ್ತವೆ. ನನ್ನ ತಕರಾರು ಇರುವುದು ಆ ಬೂದಿನ ಬಗ್ಗೆ.

ಕಾಬುಕಿಚೋದಿಂದ ಪೂರ್ವಕ್ಕೆ, ಹನಝೋನೊ ಗುಡಿಯ ಮಗ್ಗುಲಲ್ಲೇ ಗೋಲ್ಡನ್ ಗಾಯ್: ಆರು ಇಕ್ಕಟ್ಟಾದ ಓಣಿ, ಸುಮಾರು ಇನ್ನೂರು ಪುಟ್ಟ ಬಾರು. ಬಾಗಿಲ ಪಕ್ಕ ವಿದ್ಯುತ್ ಮೀಟರು, ಅದರ ಮೇಲೆ ತೇಪೆ ಹಾಕಿದ ಪೈಪು, ಕೂತಿದ್ದಕ್ಕೇ ಎಷ್ಟು ಶುಲ್ಕ ಎಂದು ಕೈಬರಹದಲ್ಲಿ ಬರೆದ ಹಲಗೆ. ಈ ಓಣಿಯ ಬದುಕು ಇಂಥ ಮಬ್ಬು ನೆರಳಿನ ವಿವರಗಳಲ್ಲಿದೆ. ಮೊರಿಯಾಮ ವಿಧಾನ ಮೊದಲು ನುಂಗುವುದೂ ಇವನ್ನೇ. ಓಣಿಗಳಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆಯಬೇಡಿ ಎಂಬ ಫಲಕಗಳಿವೆ. ಅಂಗಡಿಯವರನ್ನು ಕೇಳಿಯೇ ಕ್ಯಾಮೆರಾ ಎತ್ತಬೇಕು.

ಓಣಿಯ ಬೆಳಕಿಗೆ 1600 ಐಎಸ್‌ಒ, ಎಫ್ 2.8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), 1/30 ಸೆಕೆಂಡಿನ ಶಟರಿನಿಂದ ಶುರು ಮಾಡಬಹುದು. ನಿಯಾನ್ ತುಂಬಿದ ದೊಡ್ಡ ರಸ್ತೆಯಲ್ಲಿ ಎಫ್ 2.8, 1/60ಕ್ಕೆ 400 ಸಾಕು. ಮೊರಿಯಾಮ ಬಹುಕಾಲ ಹಿಡಿದ ರಿಕೋ ಜಿಆರ್ ಸಾಲಿನ ಈಗಿನ ಕ್ಯಾಮೆರಾಗಳಲ್ಲಿ ಸ್ನ್ಯಾಪ್ ಫೋಕಸ್, ಅಂದರೆ ಮೊದಲೇ ಗೊತ್ತುಮಾಡಿದ ದೂರಕ್ಕೆ ಫೋಕಸ್ ನಿಲ್ಲಿಸುವ ಸೌಲಭ್ಯ, ಉಂಟು. ಅಗಲ ನೋಟದ (28 ಎಂಎಂ) ಮಾದರಿಯಲ್ಲಿ ಅದನ್ನು 2 ಮೀಟರಿಗಿಟ್ಟು ಎಫ್ 8 ಹಾಕಿದರೆ ಸುಮಾರು 1 ಮೀಟರಿನಿಂದಾಚೆ ಬೀದಿಯೆಲ್ಲ ಸ್ಪಷ್ಟ. ಹಗಲಿಗೆ ಇದು ಹೇಳಿ ಮಾಡಿಸಿದ್ದು. ರಾತ್ರಿ ಎಫ್ 2.8ಕ್ಕೆ ಇಳಿದರೆ ಸ್ಪಷ್ಟತೆಯ ಆ ಆಳ ಉಳಿಯುವುದಿಲ್ಲ. 1/30ರಲ್ಲಿ ನಡೆಯುತ್ತಲೇ ಕ್ಲಿಕ್ಕಿಸಿದರೆ ಚಿತ್ರ ಅಲುಗುತ್ತದೆ. ಅದನ್ನು ‘ಶೈಲಿ’ ಎಂದು ಕರೆಯುವ ಮುಂಚೆ ಒಮ್ಮೆ ನಿಂತು ತೆಗೆದು ಹೋಲಿಸಿ ನೋಡುವುದು ಒಳ್ಳೆಯದು.

ನ್ಯಾಯವಾಗಿ ಹೇಳಬೇಕೆಂದರೆ, 1971ರಲ್ಲಿ ಉತ್ತರದ ಮಿಸಾವಾದಲ್ಲಿ ತೆಗೆದ ಬೀದಿನಾಯಿಯ ಚಿತ್ರಕ್ಕೆ ಈ ತಕರಾರು ತಾಗುವುದಿಲ್ಲ. ಜಡೆಗಟ್ಟಿದ ಕೂದಲು, ಹಿಂದಿರುಗಿ ನೋಡುವ ಕಣ್ಣು: ಕಾಳು ಅಲ್ಲಿ ನಾಯಿಯ ಮೈಯದೇ ಆಗಿಬಿಡುತ್ತದೆ. ಆದರೆ ಅದೇ ಕಪ್ಪು, ಅದೇ ಕಾಳು ಶಿಂಜುಕುವಿನ ಪೋಸ್ಟರಿಗೂ ತುಟಿಗೂ ಟೈರಿಗೂ ಬಿದ್ದಾಗ ಊರು ಯಾವುದಾದರೂ ಒಂದೇ.

ಪುಸ್ತಕ ನೋಡಿಯೇ ತೀರ್ಪು ಕೊಡುವುದು ಸಲ್ಲ. ಅಚ್ಚಿನ ಮಸಿಯಲ್ಲಿ ಚಪ್ಪಟೆಯಾಗಿ ಕಾಣುವ ಕಪ್ಪಿಗೆ ಡಾರ್ಕ್‌ರೂಮಿನ ಸಿಲ್ವರ್ ಪ್ರಿಂಟಿನಲ್ಲಿ ಆಳವಿರುತ್ತದೆ. ಶಿಂಜುಕುವಿನಿಂದ ಯಾಮಾನೊತೆ ರೈಲಿನಲ್ಲಿ ನಾಲ್ಕನೇ ನಿಲ್ದಾಣ ಎಬಿಸು; ಟೋಕಿಯೋ ಫೋಟೋಗ್ರಫಿಕ್ ಆರ್ಟ್ ಮ್ಯೂಸಿಯಂ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಮೊರಿಯಾಮ ಪ್ರಿಂಟು ಗೋಡೆಯ ಮೇಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸೋಮವಾರ ಮಾತ್ರ ಹೋಗಬೇಡಿ, ಅಂದು ಸಾಮಾನ್ಯವಾಗಿ ರಜೆ.