ಗಣಪನ ನೆತ್ತಿ, ಮಾಣಿಯ ನೆತ್ತಿ

ಗೋಕರ್ಣಕ್ಕೆ ಹೋಗಿ ಬಂದು ನಾಲ್ಕು ದಿನವಾಯಿತು. ಬಲಗೈಯ ಬೆರಳ ತುದಿಗೆ ಹರಳೆಣ್ಣೆಯ ಜಿಗುಟು ಇನ್ನೂ ಹತ್ತಿಕೊಂಡೇ ಇದೆ ಅನ್ನಿಸುತ್ತದೆ. ನಾನು ಹರಳೆಣ್ಣೆ ಮುಟ್ಟದೆ ಮೂರು ವರ್ಷದ ಮೇಲಾಯಿತು. ಅಮ್ಮಮ್ಮ ಹೋದ ಮೇಲೆ ಆ ಬಾಟಲಿಯ ಮುಚ್ಚಳ ತೆಗೆದವರೇ ಇಲ್ಲ. ಗಣಪತಿಯ ಎದುರು ನಿಂತಾಗ ಶುರುವಾದ ಆ ಜಿಗುಟು ಏನು ಮಾಡಿದರೂ ಹೋಗುತ್ತಿಲ್ಲ. ಬರೆದರೆ ಹೋದೀತೋ, ಹೋಗದಿದ್ದರೂ ಚಿಂತೆಯಿಲ್ಲ.

ನಮ್ಮ ಮಾಣಿಗೆ ಈ ವೈಶಾಖ ಶುದ್ಧ ದ್ವಾದಶಿಗೆ ಐದು ತುಂಬಿತು. ಹಸ್ತಾ ನಕ್ಷತ್ರ. ಹುಟ್ಟಿದ ದಿನವನ್ನು ತಿಥಿಯ ಲೆಕ್ಕದಲ್ಲೇ ಮಾಡಬೇಕು ಎಂದು ಅಮ್ಮಮ್ಮ ಹೇಳಿಟ್ಟಿದ್ದಳು, ಹಾಗೇ ನಡೆಸಿಕೊಂಡು ಬಂದಿದ್ದೇವೆ. ಬೆಳಿಗ್ಗೆ ತಲೆಗೆ ನೀರು, ದೇವರ ಮುಂದೆ ದೀಪ. ಏಳು ಜನ ಚಿರಂಜೀವಿಗಳನ್ನೂ ಮಾರ್ಕಂಡೇಯನನ್ನೂ ನೆನೆದು, ಎಳ್ಳು ಬೆಲ್ಲ ಕೂಡಿಸಿದ ಹಾಲನ್ನು ಅರ್ಧ ಬೊಗಸೆ ಕುಡಿಸುವುದು. ಅಳತೆ ಮಗುವಿನದೇ ಬೊಗಸೆ. ಹೋದ ವರ್ಷ ಬಾಯಿಗೆ ಮುಟ್ಟುವುದರೊಳಗೆ ಹಾಲೆಲ್ಲ ಬೆರಳ ಸಂದಿಯಿಂದ ಸೋರಿ ಹೊಸ ಅಂಗಿ ಒದ್ದೆಯಾಗಿತ್ತು. ಈ ಸಲ ಬೆರಳುಗಳನ್ನು ಬಿಗಿದು ಹಿಡಿದ, ಒಂದು ಹನಿ ಕೆಳಗೆ ಬೀಳಲಿಲ್ಲ. ಅಂಗೈಗೆ ಅಂಟಿದ ಎಳ್ಳನ್ನು ನೆಕ್ಕಿ, "ಆಯಿ, ಇನ್ನೊಂದ್ಸಲ" ಎಂದು ಮತ್ತೆ ಬೊಗಸೆ ಒಡ್ಡಿದ.

ದೇವಸ್ಥಾನದಲ್ಲಿ ಸಂಕಲ್ಪಕ್ಕೆ ಕೂತಾಗ ಭಟ್ಟರು ಮಗುವಿನ ನಕ್ಷತ್ರ ಕೇಳಿದರೆ ಈಗಿನ ತಂದೆ ತಾಯಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆಮೇಲೆ ಮೊಬೈಲು ತೆಗೆಯುತ್ತಾರೆ. ಹುಟ್ಟಿದ ನಿಮಿಷದ ಫೋಟೋ ಅದರಲ್ಲಿರುತ್ತದೆ, ನಕ್ಷತ್ರ ಇರುವುದಿಲ್ಲ. ಕಣ್ಣಾರೆ ಕಂಡಾಗ ಹೊಟ್ಟೆಯೊಳಗೆ ಏನೋ ಕಿವುಚಿದಂತಾಗುತ್ತದೆ. ಮಗು ಭೂಮಿಗೆ ಬಿದ್ದ ಹೊತ್ತಿನಲ್ಲಿ ಚಂದ್ರ ಯಾವ ಮನೆಯಲ್ಲಿದ್ದ ಎಂದು ನೆನಪಿಡುವುದು ಅಷ್ಟು ದೊಡ್ಡ ಭಾರವೇ?

ಹೇಳಹೊರಟದ್ದು ಹರಕೆಯ ವಿಷಯ.

ಮಾಣಿಗೆ ಆಗ ಮೂರು ತಿಂಗಳು. ನಾನು ಶಿರಸಿ ಹತ್ತಿರದ ತವರಿನಲ್ಲಿ ಬಾಣಂತನಕ್ಕಿದ್ದೆ. ಶ್ರಾವಣದ ಮಳೆ, ತೋಟವೆಲ್ಲ ಬೋರೆಂದು ಮೊರೆಯುತ್ತಿತ್ತು. ಅಮ್ಮಮ್ಮ ದಿನಾ ಅವನನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಮೂರು ಬೆರಳಲ್ಲಿ ಹರಳೆಣ್ಣೆ ಅದ್ದಿ ನೆತ್ತಿಗೆ ಹಚ್ಚುವವಳು. ಒತ್ತುತ್ತಿರಲಿಲ್ಲ. ಹೂವಿನ ಮೇಲೆ ಕೈಯಾಡಿಸಿದಂತೆ. ಒಂದು ದಿನ ನನ್ನ ಕೈ ಎಳೆದು ಅಲ್ಲಿ ಇಟ್ಟಳು. ಎಲುಬೇ ಇಲ್ಲದ ಜಾಗ. ತೆಳ್ಳನೆಯ ಚರ್ಮ, ಅದರಡಿಯಲ್ಲಿ ಟುಕ್ ಟುಕ್ ಎಂದು ಬಡಿಯುವ ಜೀವ. ನಾನು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಬಿಡಲಿಲ್ಲ. "ತಾಯಾದವಳು ದಿನಾ ಮುಟ್ಟಿ ನೋಡವು" ಎಂದಳು. ಎಣ್ಣೆಯ ಜಿಗುಟು, ಅದರ ಬಿಸುಪು, ಕೆಳಗಿನ ಬಡಿತ, ಮೂರೂ ಒಟ್ಟಿಗೆ ನನ್ನ ಬೆರಳಿಗೆ ಬಂದದ್ದು ಆವತ್ತು.

ಆಮೇಲೊಂದು ರಾತ್ರಿ ವಾಂತಿ ಭೇದಿ ಶುರುವಾಯಿತು. ಬೆಳಗಿನ ಜಾವದ ಹೊತ್ತಿಗೆ ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ನಾವೆಲ್ಲ ನಿದ್ದೆ ಹತ್ತಿತು ಎಂದುಕೊಂಡೆವು. ಅಮ್ಮಮ್ಮ ಎದ್ದು ಬಂದು ನೆತ್ತಿ ಮುಟ್ಟಿದಳು. "ನೆತ್ತಿ ಗುಳಿ ಬಿದ್ದೋತು. ಈಗ್ಲೇ ಹೊರಡಿ" ಎಂದಳು. ಬೇರೆ ಮಾತಿಲ್ಲ. ಆಸ್ಪತ್ರೆಯಲ್ಲಿ ಕೈಯ ನರ ಸಿಗದೆ ತಲೆಯ ನರಕ್ಕೇ ಸೂಜಿ ಹಾಕಿ ಸಲೈನ್ ಏರಿಸಿದರು. ಮೈಯ ನೀರು ಬತ್ತಿದರೆ ಕೂಸುಗಳ ನೆತ್ತಿ ಒಳಕ್ಕೆ ಇಳಿಯುತ್ತದೆ, ನಿಮ್ಮ ಅಜ್ಜಿ ಸರಿಯಾಗಿ ಗುರುತು ಹಿಡಿದಿದ್ದಾರೆ ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ನಾನೇ ಮುಟ್ಟಿ ನೋಡಿದೆ. ಗುಳಿ ತುಂಬಿತ್ತು. ಟುಕ್ ಟುಕ್.

ಆ ರಾತ್ರಿ ಮನೆಯಲ್ಲಿ ಅಮ್ಮಮ್ಮ ದೇವರ ಮುಂದೆ ಕೂತು ಗೋಕರ್ಣದ ಗಣಪತಿಗೆ ಹೇಳಿಕೊಂಡಿದ್ದಳಂತೆ. ಸಾವಿರದೆಂಟು ಗರಿಕೆ, ಪಂಚಕಜ್ಜಾಯ, ಮತ್ತೆ ಮಾಣಿ ತನ್ನ ಕಾಲಲ್ಲೇ ನಡೆದು ಬಂದು ನಿನ್ನೆದುರು ಇಪ್ಪತ್ತೊಂದು ಬಸ್ಕಿ ಹೊಡೆಯುತ್ತಾನೆ ಎಂದು. ಗರಿಕೆಯ ಹರಕೆಯನ್ನು ಯಾವಾಗ ಬೇಕಾದರೂ ತೀರಿಸಬಹುದಿತ್ತು. ಬಸ್ಕಿಗೆ ಮಾಣಿ ಬೆಳೆಯಬೇಕಿತ್ತು. ಅವನಿಗೆ ಎರಡು ತುಂಬುವ ಮೊದಲೇ ಅಮ್ಮಮ್ಮ ಹೋದಳು. ಅಷ್ಟರಲ್ಲಿ ಒಂದು ಮಧ್ಯಾಹ್ನ, "ಕೂಡ್ತಾ ಬಂತು ನೋಡು" ಎಂದು ನೆತ್ತಿಯನ್ನು ನನಗೆ ತೋರಿಸಿದ್ದಳು. ಆಮೇಲೆ ಒಂದು ದಿನ ಸ್ನಾನ ಮಾಡಿಸುವಾಗ ಗಟ್ಟಿ ಎಲುಬು ಕೈಗೆ ಸಿಕ್ಕಿತು. ಎಣ್ಣೆ ಹಚ್ಚಿದರೂ ಬಿಟ್ಟರೂ ಅದು ಒಂದು ಒಂದೂವರೆ ವರ್ಷದಲ್ಲಿ ತಾನಾಗಿ ಕೂಡುತ್ತದೆ ಎಂದು ಡಾಕ್ಟರು ಹೇಳಿದ್ದರು. ನಿಜವೇ ಇರಬೇಕು. ಆದರೆ ಆ ಎಣ್ಣೆಯ ನೆಪವಿಲ್ಲದಿದ್ದರೆ ದಿನಾ ನೆತ್ತಿ ಮುಟ್ಟುವವರು ಯಾರಿದ್ದರು?

ಹರಕೆಯನ್ನು ನಾನು ಮುಂದೂಡುತ್ತಲೇ ಬಂದೆ. ಮಳೆ ಅಂದೆ, ಅಡಿಕೆ ಕೊಯ್ಲು ಅಂದೆ, ಆ ವರ್ಷ ಸೂತಕ ಅಂದೆ. ತಪ್ಪು ನನ್ನದೇ. ಈ ಸಲ ಐದು ತುಂಬುವ ಮೊದಲಿನ ದಿನ ಬಾವಿಕಟ್ಟೆಯ ಹತ್ತಿರ ಗರಿಕೆ ಕೊಯ್ಯಲು ಕೂತೆ. ಬೇಸಿಗೆಯಲ್ಲೂ ಅಲ್ಲಿ ಮಾತ್ರ ಹಸುರಾಗಿರುತ್ತದೆ. ಇಪ್ಪತ್ತೊಂದರ ಒಂದು ಕಟ್ಟಿನಂತೆ ನಲವತ್ತೆಂಟು ಕಟ್ಟಾದರೆ ಸಾವಿರದೆಂಟು. ಹೋದ ವರ್ಷ ಹತ್ತಾದ ಮೇಲೆ ಸೀದಾ ಹದಿನಾಲ್ಕಕ್ಕೆ ಹಾರುತ್ತಿದ್ದ ಮಾಣಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇಪ್ಪತ್ತೊಂದರವರೆಗೆ ಎಣಿಸಿ ಎಣಿಸಿ ಕೊಟ್ಟ. ಒಂದು ಕಟ್ಟಿನಲ್ಲಿ ಎರಡೆಲೆಯದು ಬಂದಿತ್ತು. "ಇದು ಬ್ಯಾಡ, ಮೂರಿಲ್ಲೆ" ಎಂದು ತಾನೇ ತೆಗೆದು ಎಸೆದ. ನಾನು ಹೇಳಿಕೊಟ್ಟದ್ದಲ್ಲ. ಎಲ್ಲಿ ಕಲಿತನೋ.

ದೇವಿಮನೆ ಘಟ್ಟದಲ್ಲಿ ಇಳಿದು ಕೈಮುಗಿದು ಹೊರಟವರು ಬಿಸಿಲೇರುವ ಮೊದಲೇ ಗೋಕರ್ಣದಲ್ಲಿದ್ದೆವು. ಕೋಟಿತೀರ್ಥದಲ್ಲಿ ಕಾಲು ತೊಳೆದು ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ಆ ಕ್ರಮ ತಪ್ಪಿಸಬಾರದು. ಈಗ ಸಮುದ್ರಕ್ಕೆಂದು ಬಂದ ಎಷ್ಟೋ ಜನ ಈ ಗುಡಿಯ ಬಾಗಿಲು ದಾಟಿ ಹಾಗೇ ಹೋಗುತ್ತಾರೆ. ಅವನಿಲ್ಲದಿದ್ದರೆ ಆತ್ಮಲಿಂಗ ಇಲ್ಲಿ ನಿಲ್ಲುತ್ತಿರಲಿಲ್ಲ, ಗೋಕರ್ಣವೇ ಇರುತ್ತಿರಲಿಲ್ಲ ಎಂಬುದನ್ನು ಯಾರಾದರೂ ಮಕ್ಕಳಿಗೆ ಹೇಳಬೇಕು.

ನಿಂತ ಗಣಪತಿ ಅವನು. ಎರಡೇ ಕೈ. ವಟುವಿನ ಎತ್ತರ. ಕಥೆ ಎಲ್ಲರಿಗೂ ಗೊತ್ತು. ತಾಯಿ ಪೂಜೆಗೆಂದು ಮಾಡಿದ ಮರಳಿನ ಲಿಂಗ ಕಡಲಿಗೆ ಕೊಚ್ಚಿಹೋಯಿತೆಂದು ರಾವಣ ಕೈಲಾಸಕ್ಕೆ ಹೋದದ್ದು, ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ್ದು, ಸಂಧ್ಯಾವಂದನೆಗೆ ಹೊರಟವನು ಲಿಂಗವನ್ನು ಹುಡುಗನ ಕೈಗೆ ಕೊಟ್ಟದ್ದು, ಹುಡುಗ ಮೂರು ಸಲ ಕರೆದು ನೆಲಕ್ಕಿಟ್ಟದ್ದು. ಸಿಟ್ಟು ತಲೆಗೇರಿ ರಾವಣ ಅವನ ನೆತ್ತಿಗೆ ಗುದ್ದಿದ್ದು. ಆ ಕುಳಿ ಇನ್ನೂ ಇದೆ. ಭಟ್ಟರು ಹೂವು ಸರಿಸಿ ಮಾಣಿಗೆ ತೋರಿಸಿದರು.

ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ, ಅಮ್ಮಮ್ಮನ ಸೊಂಟದ ಮೇಲೆ ಕೂತೂ ನೋಡಿದ್ದೇನೆ. ಆಗೆಲ್ಲ ಅದು ರಾವಣನ ಬಲದ ಗುರುತು. ಈ ಸಲ ಹಾಗೆ ಕಾಣಲಿಲ್ಲ. ಒಬ್ಬ ಹುಡುಗನ ನೆತ್ತಿ ಕಂಡಿತು. ನನ್ನ ಕೈ ನನಗೆ ಗೊತ್ತಿಲ್ಲದೇ ಮಾಣಿಯ ತಲೆಯ ಮೇಲೆ ಹೋಗಿತ್ತು. ಬೆರಳಿಗೆ ಎಣ್ಣೆ ಬಂದದ್ದು ಆವಾಗ. ನಾನು ಕೇಳಿದ ಕಥೆಯಲ್ಲಿ ನಾರದ ಎಲ್ಲಿದ್ದ, ವಿಷ್ಣು ಏನು ಮಾಡಿದ, ದೇವತೆಗಳು ಎಷ್ಟು ಸಂತೋಷಪಟ್ಟರು, ಎಲ್ಲ ಇತ್ತು. ಸಂಜೆ ಮಗ ತಲೆ ಹಿಡಿದುಕೊಂಡು ಮನೆಗೆ ಬಂದಾಗ ಪಾರ್ವತಿ ಏನು ಮಾಡಿದಳು ಎಂದು ಯಾರೂ ಹೇಳಲಿಲ್ಲ. ಕಾಲು ಚಾಚಿ ಮಲಗಿಸಿಕೊಂಡಿರಬೇಕು. ಮೂರು ಬೆರಳು ಎಣ್ಣೆಗೆ ಅದ್ದಿರಬೇಕು.

"ಆಯಿ, ಗಣಪಂಗೆ ನೋವಾಜಾ?" ಎಂದು ಮಾಣಿ ಕೇಳಿದ. ನನಗೆ ಗಂಟಲು ಕಟ್ಟಿತ್ತು. ಭಟ್ಟರೇ, "ಈಗ ಇಲ್ಲ ಮಾರಾಯ, ಅದು ಹಳೇದು" ಎಂದರು. ನಲವತ್ತೆಂಟು ಕಟ್ಟೂ ಏರಿತು. ಕುಳಿ ಹಸುರಿನಲ್ಲಿ ಮುಚ್ಚಿಹೋಯಿತು. ನಮ್ಮ ಮಗುವಿನ ನೆತ್ತಿಯ ಗುಳಿಯನ್ನು ಒಂದೇ ರಾತ್ರಿಯಲ್ಲಿ ತುಂಬಿದವನು ತನ್ನದನ್ನು ಹಾಗೇ ಇಟ್ಟುಕೊಂಡು ನಿಂತಿದ್ದಾನಲ್ಲ ಎಂದು ಅಲ್ಲೇ ಕಂಬಕ್ಕೆ ಒರಗಿ ಅತ್ತೆ.

ಮಾಣಿ ಎಡಗೈಯಲ್ಲಿ ಬಲಕಿವಿ, ಬಲಗೈಯಲ್ಲಿ ಎಡಕಿವಿ ಹಿಡಿದು ಬಸ್ಕಿ ಹೊಡೆದ. ಹದಿನೈದಕ್ಕೆ ಏದುಸಿರು ಬಂತು. "ಸಾಕು, ದೇವರು ಒಪ್ಕತ್ತ" ಎಂದರು ಇವರು. ಅವನು ಕೇಳಲಿಲ್ಲ. ಇಪ್ಪತ್ತೊಂದನ್ನೂ ತಾನೇ ಎಣಿಸಿ ಮುಗಿಸಿದ.

ರಾತ್ರಿ ಮನೆಗೆ ಬಂದ ಮೇಲೆ ಅಮ್ಮಮ್ಮ ಹೇಳುತ್ತಿದ್ದ ಇನ್ನೊಂದು ನೆನಪಾಯಿತು. ಅವಳ ಕಾಲದಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸಿನ ಕಾಗದ ಕೇಳುತ್ತಿರಲಿಲ್ಲವಂತೆ. ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟು ಎನ್ನುತ್ತಿದ್ದರಂತೆ, ಮುಟ್ಟಿದರೆ ಸೇರಿಸಿಕೊಂಡರಂತೆ. ಮಾಣಿಯನ್ನು ನಿಲ್ಲಿಸಿ ಹಾಗೇ ಮಾಡಿಸಿದೆ. ಬಲಗೈ ನೆತ್ತಿಯ ಮೇಲೆ ಹಾದು ಆಚೆ ಇಳಿಯಿತು. ಕಿವಿಗೆ ಇನ್ನೂ ಎರಡು ಬೆರಳು ದೂರ. "ಬಪ್ಪ ವರ್ಷ ಮುಟ್ತು ಬಿಡು" ಎಂದೆ. ಅವನು ಒಂದು ಗಳಿಗೆ ಯೋಚಿಸಿದ. ತಲೆಯನ್ನು ಓರೆ ಮಾಡಿ, ಭುಜ ಎತ್ತಿ, ಹಲ್ಲು ಕಚ್ಚಿ, ಕಿವಿಯ ತುದಿ ಮುಟ್ಟಿಸಿಯೇ ಬಿಟ್ಟ.